ಟ್ರಾನ್ಸ್‌ಪೋರ್ಟ್ ಡ್ಯಾಮ್ ದಡದಲ್ಲಿ ಎಂಟು ನಿಮಿಷ: ಕಾಡೆಮ್ಮೆ ಹಿಂಡು ಯಾಕೆ ವಾಪಸ್ ಬಂತು?

2004ರ ಸೆಪ್ಟೆಂಬರ್. ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದಲ್ಲಿ ಸಫಾರಿಗೆ ಹೊರಟಿದ್ದ ಗಾಡಿಯೊಂದು ಟ್ರಾನ್ಸ್‌ಪೋರ್ಟ್ ಡ್ಯಾಮ್ ಅನ್ನೋ ಕೆರೆಯ ಬದಿಯಲ್ಲಿ ನಿಂತಿತ್ತು. ಆಚೆ ದಡದಲ್ಲಿ ಕೆಲವು ಸಿಂಹಗಳು ಮಲಗಿದ್ದವು. ಅದೇ ದಡ ಹಿಡಿದು ಕಾಡೆಮ್ಮೆಗಳ (ನಮ್ಮ ಕಾಟಿ ಅಲ್ಲ, ಆಫ್ರಿಕಾದ ಕಾಡೆಮ್ಮೆ) ದೊಡ್ಡ ಹಿಂಡೊಂದು ಬರುತ್ತಿತ್ತು. ಗಾಡಿಯಲ್ಲಿದ್ದ ಅಮೆರಿಕದ ಪ್ರವಾಸಿಯೊಬ್ಬರು ವಿಡಿಯೊ ಕ್ಯಾಮೆರಾ ಆನ್ ಮಾಡಿದರು. ಮುಂದಿನ ಎಂಟು ನಿಮಿಷ ಚಿಲ್ಲರೆಯಲ್ಲಿ ಆದದ್ದೆಲ್ಲ ಅದರಲ್ಲಿ ಸೇರಿಕೊಂಡಿತು.

ಆ ಟೇಪನ್ನು ಮೊದಲು ಕೊಳ್ಳುವವರೇ ಇರಲಿಲ್ಲ. 2007ರ ಮೇ ತಿಂಗಳಲ್ಲಿ ಯೂಟ್ಯೂಬ್‌ಗೆ ಬಂದ ಮೇಲೆ ಕೋಟಿಗಟ್ಟಲೆ ಜನ ನೋಡಿದರು. ನೀವೂ ನೋಡಿರಬಹುದು. ಸಿಂಹ, ಮೊಸಳೆ, ಕಾಡೆಮ್ಮೆ ಮೂರೂ ಒಂದು ಕರುವಿಗಾಗಿ ಕಿತ್ತಾಡಿದ ವಿಡಿಯೊ ಅದು. "ಒಗ್ಗಟ್ಟಿನಲ್ಲಿ ಬಲವಿದೆ" ಅಂತ ಸಾಲು ಹಾಕಿ ಹಂಚುವವರಿಗೆ ಇವತ್ತಿಗೂ ಕೊರತೆ ಇಲ್ಲ. ತಪ್ಪೇನಿಲ್ಲ. ಆದರೆ ಆ ಸಾಲಿನ ಹಿಂದೆ ನಿಜವಾಗಿ ಆದದ್ದು ಮರೆಯಾಗಿಬಿಡುತ್ತದೆ. ಕರು ಬದುಕಿದ್ದು ಹಿಂಡು ಬಂದದ್ದರಿಂದ ಅನ್ನೋದು ಅರ್ಧ ಮಾತು. ಹಿಂಡು ಬರುವವರೆಗೂ ಅದು ಸಾಯಲಿಲ್ಲವಲ್ಲ, ಅದು ಯಾಕೆ? ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ ಇನ್ನರ್ಧ.

ಒಣಗಾಲದ ಕೊನೆ, ಒಂದು ಕೆರೆ

ಕ್ರೂಗರ್ ಸಣ್ಣ ಕಾಡಲ್ಲ. ಸುಮಾರು 19,500 ಚದರ ಕಿಲೋಮೀಟರ್. ನಮ್ಮ ಬಂಡೀಪುರ ರಾಷ್ಟ್ರೀಯ ಉದ್ಯಾನದಂಥವು ಇಪ್ಪತ್ತು ಅದರೊಳಗೆ ಹಿಡಿಸುತ್ತವೆ. ಕಾಡೆಮ್ಮೆಗಳೇ ಅಲ್ಲಿ ಹತ್ತಾರು ಸಾವಿರ ಇವೆ. ಟ್ರಾನ್ಸ್‌ಪೋರ್ಟ್ ಡ್ಯಾಮ್ ಇರುವುದು ದಕ್ಷಿಣ ಭಾಗದಲ್ಲಿ, ಪ್ರಿಟೋರಿಯಸ್‌ಕಾಪ್ ಮತ್ತು ಸ್ಕುಕುಜಾ ಕ್ಯಾಂಪುಗಳ ನಡುವೆ.

ತಿಂಗಳು ಯಾವುದು ಅನ್ನೋದು ಇಲ್ಲಿ ಬಹಳ ಮುಖ್ಯ. ಅಲ್ಲಿ ಮಳೆ ಹೆಚ್ಚಾಗಿ ಬೀಳುವುದು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಸೆಪ್ಟೆಂಬರ್ ಅಂದರೆ ಒಣಗಾಲದ ತುದಿ. ಹುಲ್ಲು ಕಡ್ಡಿಯಾಗಿರುತ್ತದೆ, ಹೊಂಡಗಳು ಬತ್ತಿರುತ್ತವೆ. ಜಿಂಕೆಯ ಜಾತಿಯ ಕೆಲವು ಪ್ರಾಣಿಗಳು ನೀರಿಲ್ಲದೆ ದಿನಗಟ್ಟಲೆ ತಳ್ಳುತ್ತವೆ. ಕಾಡೆಮ್ಮೆಗೆ ಅದು ಆಗದು. ಅದಕ್ಕೆ ದಿನಾ ನೀರು ಬೇಕು, ಅದೂ ಮೂವತ್ತು ನಲವತ್ತು ಲೀಟರ್. ಹಾಗಾಗಿ ಅದು ಎಲ್ಲೇ ಮೇಯಲಿ, ಕೆರೆಗೆ ಬಂದೇ ಬರುತ್ತದೆ. ಇದು ಸಿಂಹಕ್ಕೂ ಗೊತ್ತು.

ಇನ್ನೊಂದು ವಿಷಯ. ಈ ಕೆರೆ ಮನುಷ್ಯರು ಕಟ್ಟಿಸಿದ್ದು. ಒಣಗಾಲದಲ್ಲಿ ಪ್ರಾಣಿಗಳಿಗೆ ನೀರು ಸಿಗಲಿ ಅಂತ 1930ರ ದಶಕದಿಂದಲೇ ಕ್ರೂಗರ್‌ನಲ್ಲಿ ಒಡ್ಡು ಕಟ್ಟುವುದು, ಬೋರ್‌ವೆಲ್ ಕೊರೆಯುವುದು ಶುರುವಾಗಿತ್ತು. ಆಮೇಲೆ ತಿಳಿದದ್ದೇನೆಂದರೆ, ನೀರು ಇಟ್ಟ ಕಡೆ ಹಿಂಡುಗಳು ಬಂದು ನಿಲ್ಲುತ್ತವೆ, ಹಿಂಡಿನ ಹಿಂದೆ ಸಿಂಹಗಳೂ ಬರುತ್ತವೆ, ಸುತ್ತಲಿನ ಹುಲ್ಲು ಸವೆದು ಹೋಗುತ್ತದೆ. 1990ರ ದಶಕದಿಂದ ಇಂಥ ಅನೇಕ ನೀರಿನ ತಾಣಗಳನ್ನು ಮುಚ್ಚುತ್ತ ಬಂದರು. ಟ್ರಾನ್ಸ್‌ಪೋರ್ಟ್ ಡ್ಯಾಮ್‌ನಲ್ಲಿ ಎಮ್ಮೆ, ಸಿಂಹ, ಮೊಸಳೆ ಮೂರೂ ಒಂದೇ ಕಡೆ ಸೇರಿದ್ದು ಬರೀ ಆಕಸ್ಮಿಕ ಅಲ್ಲ. ಅವನ್ನು ಅಲ್ಲಿಗೆ ತಂದದ್ದರಲ್ಲಿ ಮನುಷ್ಯನ ಕೈಯೂ ಇದೆ.

ಆದದ್ದೇನು

ಹಿಂಡು ಒಟ್ಟಾಗಿ ಬರಲಿಲ್ಲ. ಮುಂದೆ ಒಂದು ಸಣ್ಣ ತುಕಡಿ. ಅದರಲ್ಲಿ ಒಂದು ದೊಡ್ಡ ಕೋಣ, ಒಂದೆರಡು ಎಮ್ಮೆ, ಒಂದು ಕರು. ಉಳಿದವು ಸಾಕಷ್ಟು ಹಿಂದೆ. ಸಿಂಹಗಳು ಹೊಟ್ಟೆ ನೆಲಕ್ಕೆ ಹಚ್ಚಿ ಕೂತವು. ಅವು ಓಡಲಿಲ್ಲ, ಹತ್ತಿರ ಬರಲಿ ಅಂತ ಕಾದವು. ಸಿಂಹದ ಬೇಟೆಯಲ್ಲಿ ಕಾಯುವುದೇ ಜಾಸ್ತಿ. ದೂರ ಓಡುವ ದಮ್ಮು ಅದಕ್ಕಿಲ್ಲ.

ಮುಂದಿದ್ದ ಕೋಣ ಬಹಳ ಹತ್ತಿರಕ್ಕೆ ಬಂದ ಮೇಲೆ ಏನೋ ಸುಳಿವು ಸಿಕ್ಕಿ ನಿಂತಿತು. ಮರುಕ್ಷಣ ಹಿಂದಕ್ಕೆ ತಿರುಗಿತು. ಸಿಂಹಗಳು ಎದ್ದವು. ಹಿಂಡು ಕಾಲಿಗೆ ಬುದ್ಧಿ ಹೇಳಿತು. ಕರು ಹಿಂದೆ ಬಿತ್ತು. ಒಂದು ಸಿಂಹ ಅದರ ಮೇಲೆ ಹಾರಿತು. ಆ ಹಾರಿದ ಭರಕ್ಕೆ ಕರು ಮತ್ತು ಸಿಂಹ ಎರಡೂ ಉರುಳಿ ನೀರಿಗೆ ಬಿದ್ದವು.

ಮಿಕ್ಕ ಸಿಂಹಗಳು ದಡದ ಅಂಚಿಗೆ ಬಂದು ಕರುವನ್ನು ಮೇಲಕ್ಕೆ ಎಳೆಯತೊಡಗಿದವು. ಅಷ್ಟರಲ್ಲಿ ನೀರೊಳಗಿಂದ ಮೊಸಳೆ ಕರುವಿನ ಹಿಂಭಾಗಕ್ಕೆ ಬಾಯಿ ಹಾಕಿತು. ಮುಂದಿನದ್ದು ಹಗ್ಗಜಗ್ಗಾಟ. ಈ ಕಡೆ ಸಿಂಹಗಳು, ಆ ಕಡೆ ಮೊಸಳೆ. ಕೊನೆಗೆ ಮೊಸಳೆ ಬಿಟ್ಟುಕೊಟ್ಟಿತು. ಸಿಂಹಗಳು ಕರುವನ್ನು ದಡಕ್ಕೆ ಎಳೆದುಕೊಂಡು ಸುತ್ತ ಕೂತವು. ಇನ್ನು ಮುಗಿಯಿತು ಅಂತ ನೋಡುವವರಿಗೆ ಅನಿಸುವುದು ಇಲ್ಲೇ.

ಮುಗಿಯಲಿಲ್ಲ. ಕ್ಯಾಮೆರಾದ ಚೌಕಟ್ಟಿನೊಳಕ್ಕೆ ಕಾಡೆಮ್ಮೆಗಳು ಬಂದವು, ಈ ಸಲ ಇಡೀ ಹಿಂಡು. ಭುಜಕ್ಕೆ ಭುಜ ತಾಗಿಸಿ ಅರ್ಧ ವರ್ತುಲವಾಗಿ ನಿಂತವು. ಸ್ವಲ್ಪ ಹೊತ್ತು ಯಾರೂ ಮುಂದೆ ಬರಲಿಲ್ಲ. ಆಮೇಲೆ ಒಂದು ಕಾಡೆಮ್ಮೆ ನುಗ್ಗಿ ಒಂದು ಸಿಂಹವನ್ನು ಅಟ್ಟಿಸಿಕೊಂಡು ಹೋಯಿತು. ಇನ್ನೊಂದು ಬಂದು ಕೊಂಬಿನಲ್ಲಿ ಎತ್ತಿ ಒಂದು ಸಿಂಹವನ್ನು ಗಾಳಿಗೆ ಎಸೆಯಿತು. ಗದ್ದಲದ ನಡುವೆ ಕರು ಎದ್ದು ನಿಂತಿತು! ಅದು ಹಿಂಡಿನ ಕಾಲುಗಳ ನಡುವೆ ಸೇರಿಕೊಂಡು ಕಾಣೆಯಾಯಿತು. ಆಮೇಲೂ ಎಮ್ಮೆಗಳು ಸುಮ್ಮನಾಗಲಿಲ್ಲ. ಉಳಿದ ಸಿಂಹಗಳನ್ನು ಅಲ್ಲಿಂದ ಓಡಿಸಿದವು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಕರು ಸಾಯಲಿಲ್ಲ ಯಾಕೆ

ಸಿಂಹ ದೊಡ್ಡ ಪ್ರಾಣಿಯನ್ನು ಕೊಲ್ಲುವುದು ಉಸಿರು ಕಟ್ಟಿಸಿ. ಗಂಟಲನ್ನು ಕಚ್ಚಿ ಹಿಡಿಯುತ್ತದೆ, ಇಲ್ಲವೇ ಮೂತಿಯನ್ನೇ ಬಾಯಲ್ಲಿ ಮುಚ್ಚಿ ಹಿಡಿಯುತ್ತದೆ. ಕೆಲವು ನಿಮಿಷ ಬಿಡದೆ ಹಿಡಿದರೆ ಕೆಲಸ ಆಯಿತು. ಆದರೆ ಅದಕ್ಕೆ ಎರಡು ಅನುಕೂಲ ಬೇಕು. ಕಾಲೂರಲು ಗಟ್ಟಿ ನೆಲ, ಬೇರೆ ಯಾರ ಕಾಟವೂ ಇಲ್ಲದ ನಾಲ್ಕು ನಿಮಿಷ.

ಇಲ್ಲಿ ಎರಡೂ ಸಿಗಲಿಲ್ಲ. ಮೊದಲು ನೀರು. ಜಾರುವ ದಡದಲ್ಲಿ ನಿಂತು ಬಗ್ಗಿ ಎಳೆಯುವಾಗ ಸಿಂಹಗಳು ಕರುವನ್ನು ಹಿಡಿದದ್ದು ಮೇಲೆ ತರಲು, ಕೊಲ್ಲಲು ಅಲ್ಲ. ಆಮೇಲೆ ಮೊಸಳೆ. ಮೊಸಳೆಯ ಹಲ್ಲು ಹಿಡಿಯಲು ಇರುವುದು, ಜಗಿಯಲು ಅಲ್ಲ. ಅದು ಕಚ್ಚಿ ನೀರಿಗೆ ಎಳೆದು ಮುಳುಗಿಸುತ್ತದೆ. ಆ ಕೆಲಸ ಪೂರ್ತಿಯಾಗದಂತೆ ಸಿಂಹಗಳು ತಡೆದವು. ಸಿಂಹಗಳ ಕೆಲಸ ಪೂರ್ತಿಯಾಗದಂತೆ ಮೊಸಳೆ ತಡೆಯಿತು. ಒಬ್ಬರನ್ನೊಬ್ಬರು ತಡೆಯುವ ಈ ಆಟದಲ್ಲಿ ಕರುವಿಗೆ ಗಾಯ ಆಯಿತು, ಆದರೆ ಜೀವ ಉಳಿಯಿತು. ನನ್ನ ಪ್ರಕಾರ ಕರುವನ್ನು ಮೊದಲು ಉಳಿಸಿದ್ದು ಮೊಸಳೆ. ಅದಕ್ಕೆ ಆ ಉದ್ದೇಶ ಖಂಡಿತ ಇರಲಿಲ್ಲ ಬಿಡಿ.

ದಡಕ್ಕೆ ತಂದ ಮೇಲೂ ಸಿಂಹಗಳು ಕೂತ ಜಾಗ ನೋಡಿ. ಬೆನ್ನಿಗೆ ನೀರು, ಎದುರಿಗೆ ಬಯಲು. ಕರುವನ್ನು ಪೊದೆಯ ಮರೆಗೆ ಎಳೆದುಕೊಂಡು ಹೋಗಲು ಸಮಯ ಸಾಲಲಿಲ್ಲ. ಹಿಂಡು ಬಯಲಿನ ಕಡೆಯಿಂದ ಬಂದಾಗ ಸಿಂಹಗಳಿಗೆ ಹೊರಹೋಗಲು ಉಳಿದದ್ದು ಎಡಬಲದ ಸಣ್ಣ ದಾರಿ ಮಾತ್ರ. ಹಾಗಾಗಿ ಅವು ಒಟ್ಟಾಗಿ ಎದುರಿಸಲೂ ಆಗದೆ, ಒಟ್ಟಾಗಿ ಓಡಲೂ ಆಗದೆ ಒಂದೊಂದಾಗಿ ಏಟು ತಿಂದವು.

"ಸೈನ್ಯ ಕರಕೊಂಡು ಬಂದವು" ಅನ್ನುವ ಮಾತು

ವಿಡಿಯೊ ನೋಡಿದವರು ಹೇಳುವ ಕಥೆ ಹೀಗೆ: ಎಮ್ಮೆಗಳು ಹೆದರಿ ಓಡಿದವು, ದೂರ ಹೋಗಿ ಸಭೆ ಸೇರಿದವು, ಸೈನ್ಯ ಕಟ್ಟಿಕೊಂಡು ಸೇಡಿಗೆ ಬಂದವು. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಇದರಲ್ಲಿ ಕ್ಯಾಮೆರಾದ ಪಾಲು ಇದೆ. ಕರು ನೀರಿಗೆ ಬಿದ್ದ ಕ್ಷಣದಿಂದ ಕ್ಯಾಮೆರಾ ಸಿಂಹಗಳ ಮೇಲೇ ನಿಂತಿತ್ತು. ಯಾರೇ ಆದರೂ ಹಾಗೇ ಮಾಡುತ್ತಿದ್ದರು. ಆ ಹೊತ್ತು ಹಿಂಡು ನಮಗೆ ಕಾಣುವುದಿಲ್ಲ. ಕಾಣದ್ದನ್ನು ನಾವು "ಹೋಯಿತು" ಅಂದುಕೊಳ್ಳುತ್ತೇವೆ, ಮತ್ತೆ ಕಂಡಾಗ "ವಾಪಸ್ ಬಂತು" ಅನ್ನುತ್ತೇವೆ. ಇಡೀ ಪ್ರಸಂಗವೇ ಎಂಟು ನಿಮಿಷದ್ದು. ಹಿಂಡು ತುಂಬ ದೂರ ಹೋಗಿರಲಾರದು ಅಂತಲೇ ನನಗನಿಸುತ್ತದೆ.

ಮೊದಲು ಓಡಿದ್ದಕ್ಕೂ ಆಮೇಲೆ ಎದುರು ನಿಂತದ್ದಕ್ಕೂ ವಿರೋಧವೇನೂ ಇಲ್ಲ. ಹಠಾತ್ತನೆ ಸಿಂಹ ಎದ್ದಾಗ ಓಡುವುದೇ ಸರಿ. ಮುಂದಿದ್ದ ತುಕಡಿಯಲ್ಲಿ ನಾಲ್ಕಾರು ಪ್ರಾಣಿ ಮಾತ್ರ ಇದ್ದವು. ಓಡಿ ಹಿಂಡಿಗೆ ಸೇರಿದ ಮೇಲೆ ಲೆಕ್ಕ ಬದಲಾಯಿತು. ಬೆಳೆದ ಕೋಣ 700 ಕಿಲೋ ತೂಗುತ್ತದೆ, ಕೆಲವು ಅದಕ್ಕಿಂತಲೂ ಜಾಸ್ತಿ. ಸಿಂಹಿಣಿ 120–130 ಕಿಲೋ. ಗಂಡು ಕಾಡೆಮ್ಮೆಯ ಕೊಂಬಿನ ಬುಡ ಹಣೆಯ ಮೇಲೆ ಕೂಡಿಕೊಂಡು ಗಟ್ಟಿ ಗುರಾಣಿಯಾಗಿರುತ್ತದೆ. ಹೆಣ್ಣಿಗೂ ಕೊಂಬಿದೆ, ಅದೂ ಸಿಂಹದ ಹೊಟ್ಟೆ ಬಗೆಯಲು ಸಾಕು. ಬೇಟೆಯಾಡಿ ಬದುಕುವ ಪ್ರಾಣಿಗೆ ಒಂದು ಕಾಲು ಮುರಿದರೂ ಉಪವಾಸವೇ ಗತಿ. ಒಂದು ಕರುವಿನ ಮಾಂಸಕ್ಕೆ ಸಿಂಹ ಅಷ್ಟು ಬೆಲೆ ತೆರುವುದಿಲ್ಲ.

ಹಿಂಡನ್ನು ಅಲ್ಲಿಗೆ ಎಳೆದದ್ದು ಏನು? ಬಹುಶಃ ಕರುವಿನ ಕೂಗು. ಅಪಾಯದಲ್ಲಿರುವ ಕರು ಒಂದು ಬಗೆಯಲ್ಲಿ ಅರಚುತ್ತದೆ. ಆ ಕೂಗಿಗೆ ಎಮ್ಮೆಗಳು ತಲೆ ಎತ್ತಿ ಅತ್ತ ಬರುತ್ತವೆ. ಅದು ಸಿಂಹಗಳನ್ನೂ ಎಳೆಯುತ್ತದೆ. ಎಷ್ಟರ ಮಟ್ಟಿಗೆ ಅಂದರೆ, ಕ್ರೂಗರ್‌ನಂಥ ಕಾಡುಗಳಲ್ಲಿ ಸಿಂಹಗಳನ್ನು ಎಣಿಸುವವರು ರಾತ್ರಿ ಹೊತ್ತು ದೊಡ್ಡ ಸ್ಪೀಕರ್‌ನಲ್ಲಿ ಕಾಡೆಮ್ಮೆ ಕರುವಿನ ಕೂಗನ್ನೇ ಹಾಕುತ್ತಾರೆ. ಊಟ ಸಿಗುತ್ತದೆ ಅಂತ ಸಿಂಹಗಳು ನಡೆದು ಬರುತ್ತವೆ, ಇವರು ಲೆಕ್ಕ ಹಾಕಿಕೊಳ್ಳುತ್ತಾರೆ.

ಕಾಡೆಮ್ಮೆ ಹಿಂಡಿಗೆ ಒಬ್ಬ ನಾಯಕ ಇದ್ದಾನೆ, ಅವನು ಹೇಳಿದಂತೆ ಎಲ್ಲ ನಡೆಯುತ್ತದೆ ಅನ್ನುವ ಕಲ್ಪನೆಯೂ ಅಷ್ಟು ಸರಿಯಲ್ಲ. ಹರ್ಬರ್ಟ್ ಪ್ರಿನ್ಸ್ ಎಂಬ ಡಚ್ ವಿಜ್ಞಾನಿ ತಾಂಜಾನಿಯಾದ ಮನ್ಯಾರಾ ಸರೋವರದ ಬಳಿ ವರ್ಷಗಟ್ಟಲೆ ಕಾಡೆಮ್ಮೆಗಳನ್ನು ನೋಡಿದರು. ಅವರಿಗೆ ಕಂಡದ್ದು ಸ್ವಾರಸ್ಯವಾಗಿದೆ. ಮಲಗಿ ಮೆಲುಕು ಹಾಕುತ್ತಿರುವ ಹಿಂಡಿನಲ್ಲಿ ಬೆಳೆದ ಹೆಣ್ಣುಗಳು ಆಗಾಗ ಎದ್ದು ನಿಲ್ಲುತ್ತವೆ, ಒಂದು ದಿಕ್ಕಿಗೆ ಮುಖ ಮಾಡುತ್ತವೆ, ಮತ್ತೆ ಮಲಗುತ್ತವೆ. ಸುಮ್ನೆ ಮೈ ಮುರಿಯುತ್ತಿವೆ ಅಂತ ಅವರೂ ಮೊದಲು ತಿಳಿದಿದ್ದರು. ಸಂಜೆ ಹಿಂಡು ಹೊರಡುವಾಗ ನೋಡಿದರೆ, ಹೆಚ್ಚು ಹೆಣ್ಣುಗಳು ಮುಖ ಮಾಡಿದ್ದ ದಿಕ್ಕಿಗೇ ಅದು ಹೋಗುತ್ತಿತ್ತು. ಗಂಡುಗಳು ಎತ್ತ ನೋಡಿದವು ಅನ್ನೋದು ಲೆಕ್ಕಕ್ಕೇ ಇರಲಿಲ್ಲ.

ಟ್ರಾನ್ಸ್‌ಪೋರ್ಟ್ ಡ್ಯಾಮ್‌ನಲ್ಲಿ ಅಷ್ಟು ನಿಧಾನಕ್ಕೆ ಮತ ಹಾಕಲು ಸಮಯ ಇರಲಿಲ್ಲ. ಆದರೆ ಹಿಂಡೊಳಗೆ ತಾಯಿ, ಮಗಳು, ಅಕ್ಕತಂಗಿ ಅನ್ನುವಂಥ ಹತ್ತಿರದ ಗುಂಪುಗಳಿರುತ್ತವೆ. ಕರುವಿನ ಕೂಗಿಗೆ ಮೊದಲು ಮಿಸುಕುವುದು ಅವು. ಅವು ಎರಡು ಹೆಜ್ಜೆ ಇಟ್ಟರೆ ಪಕ್ಕದವೂ ಇಡುತ್ತವೆ. ವಿಡಿಯೊದಲ್ಲಿ ಮುಂದಿನ ಸಾಲು ತಡೆದು ತಡೆದು ಬರುವುದನ್ನು ಗಮನಿಸಿ. ಹಿಂದಿನಿಂದ ಒತ್ತಡ ಹೆಚ್ಚಿದಂತೆ ಅವು ಮುಂದೆ ಸರಿಯುತ್ತವೆ. ಒಂದು ಧೈರ್ಯ ಮಾಡಿ ನುಗ್ಗಿ ಏನೂ ಆಗದೆ ನಿಂತದ್ದನ್ನು ಕಂಡ ಮೇಲಷ್ಟೇ ಮಿಕ್ಕವು ನುಗ್ಗುತ್ತವೆ.

ಇದನ್ನೇ ನಿಯಮ ಅಂದುಕೊಳ್ಳಬೇಡಿ

ಕಾಡೆಮ್ಮೆ ಸಿಂಹದ ದೊಡ್ಡ ಆಹಾರಗಳಲ್ಲಿ ಒಂದು. ಕರುಗಳು ದಿನವೂ ಹೀಗೆ ಬದುಕಿಕೊಳ್ಳುತ್ತಿದ್ದರೆ ಕ್ರೂಗರ್‌ನಲ್ಲಿ ಸಿಂಹಗಳು ಉಳಿಯುತ್ತಲೇ ಇರಲಿಲ್ಲ. ಒಣ ನೆಲದಲ್ಲಿ, ಮೊಸಳೆ ಇಲ್ಲದ ಕಡೆ ಇದೇ ಕರು ಸಿಕ್ಕಿದ್ದರೆ ಹಿಂಡು ಬಂದು ಮೂಸಿ ನೋಡಿ, ಸ್ವಲ್ಪ ಹೊತ್ತು ಸಿಂಹಗಳನ್ನು ಅಟ್ಟಾಡಿಸಿ, ಸತ್ತ ಕರುವನ್ನು ಬಿಟ್ಟು ಹೋಗುತ್ತಿತ್ತು. ಅಂಥದ್ದು ಎಷ್ಟೋ ನಡೆಯುತ್ತದೆ. ಅದರ ವಿಡಿಯೊ ಕೋಟಿ ಜನರಿಗೆ ತಲುಪುವುದಿಲ್ಲ ಅಷ್ಟೇ.

ಗೆದ್ದ ಸಿಂಹಕ್ಕೂ ಕ್ರೂಗರ್‌ನ ದಕ್ಷಿಣ ಭಾಗದಲ್ಲಿ ಬೇರೆ ಒಂದು ಅಪಾಯ ಕಾದಿದೆ. 1990ರಲ್ಲಿ ಅಲ್ಲಿನ ಕಾಡೆಮ್ಮೆಯಲ್ಲಿ ದನಗಳ ಕ್ಷಯರೋಗ ಪತ್ತೆಯಾಯಿತು. ಅದು ಕಾಡಿನ ರೋಗ ಅಲ್ಲ. ದಕ್ಷಿಣ ಗಡಿಯ ಕ್ರೊಕೊಡೈಲ್ ನದಿಯಾಚೆಯ ಸಾಕು ದನಗಳಿಂದ ದಶಕಗಳ ಹಿಂದೆಯೇ ದಾಟಿ ಬಂದದ್ದು. ಹಿಂಡಿನಿಂದ ಹಿಂಡಿಗೆ ಹರಡುತ್ತ ಉತ್ತರಕ್ಕೆ ಸಾಗಿತು. ರೋಗದ ಎಮ್ಮೆಯನ್ನು ತಿಂದ ಸಿಂಹಕ್ಕೂ ಕ್ಷಯ ತಗಲುತ್ತದೆ. ಅದು ಸೊರಗುತ್ತದೆ, ಕುಂಟುತ್ತದೆ. ಇನ್ನು ಕಾಲುಬಾಯಿ ಜ್ವರ ಇದಕ್ಕೆ ತಿರುವುಮುರುವು. ಕಾಡೆಮ್ಮೆ ಆ ವೈರಸ್ಸನ್ನು ತಾನು ನರಳದೆ ಹೊತ್ತು ತಿರುಗುತ್ತದೆ, ಸಾಕು ದನಕ್ಕೆ ಹರಡಿದರೆ ಮಾತ್ರ ಅನಾಹುತ. ಕ್ರೂಗರ್ ಬೇಲಿಗೆ ಇದೂ ಒಂದು ಕಾರಣ.

ಗಾಡಿಯಲ್ಲಿದ್ದವರು

ಈ ಪ್ರಕರಣದಲ್ಲಿ ಮನುಷ್ಯರು ಮಾಡಿದ ಒಳ್ಳೆಯ ಕೆಲಸ ಏನೆಂದರೆ, ಏನೂ ಮಾಡದೆ ಕೂತದ್ದು. ಗಾಡಿ ನೀರಿನ ಈಚೆ ಇತ್ತು. ಪ್ರಾಣಿಗಳಿಗೂ ಅವರಿಗೂ ನಡುವೆ ಕೆರೆ. ಹತ್ತಿರ ಹೋಗಿ ಚೆನ್ನಾದ ಫೋಟೊ ತೆಗೆಯೋಣ ಅಂತ ಗಾಡಿ ಓಡಿಸಿದ್ದರೆ ಹಿಂಡು ಬರುವ ದಾರಿಗೇ ಅಡ್ಡ ಆಗುತ್ತಿತ್ತೋ ಏನೋ. ಕರು ಸಿಂಹಗಳ ಬಾಯಲ್ಲಿದ್ದಾಗ ಒಳಗಿದ್ದವರ ಉಸಿರು, ಪಿಸುಮಾತು ಟೇಪಿನಲ್ಲಿ ಕೇಳುತ್ತದೆ. ಗೈಡ್ ಮಾತಾಡುತ್ತಲೇ ಇರುತ್ತಾರೆ, ಆದರೆ ಯಾರೂ ಗಾಡಿ ಸ್ಟಾರ್ಟ್ ಮಾಡಿ ಅನ್ನುವುದಿಲ್ಲ. ಇನ್ನು ಮುಗಿಯಿತು ಅಂತ ಹೊರಟುಬಿಟ್ಟಿದ್ದರೆ ಮುಂದಿನದ್ದು ಅವರಿಗೆ ಕಾಣುತ್ತಲೇ ಇರಲಿಲ್ಲ.

ನಮ್ಮ ಕಬಿನಿ, ನಾಗರಹೊಳೆ ಸಫಾರಿಯಲ್ಲಿ ಹುಲಿ ಕಂಡ ಕೂಡಲೇ ಜೀಪುಗಳು ಒಂದರ ಹಿಂದೆ ಒಂದು ನುಗ್ಗುವುದನ್ನು ನೋಡಿದವರಿಗೆ ಈ ದೂರದ ಬೆಲೆ ಗೊತ್ತಾಗುತ್ತದೆ. ಅಲ್ಲಿ ನಾವು ನೋಡುವ ಕಾಟಿ ಈ ಕಾಡೆಮ್ಮೆಗೆ ದೂರದ ನೆಂಟ ಮಾತ್ರ. ಕಾಟಿ ದನದ ಜಾತಿಗೆ ಹತ್ತಿರ. ಆಫ್ರಿಕಾದ ಕಾಡೆಮ್ಮೆಯದು ಬೇರೆಯೇ ಕುಲ, ಅದನ್ನು ಯಾರೂ ಪಳಗಿಸಿದವರಿಲ್ಲ. ಕಾಟಿ ಒಂದು ಸಲ ಬುಸುಗುಟ್ಟಿ ಪೊದೆಗೆ ಸರಿಯುವುದೇ ಹೆಚ್ಚು. ಅದೇ ನಡವಳಿಕೆಯನ್ನು ಇದರಿಂದ ನಿರೀಕ್ಷಿಸಬಾರದು.

ಕ್ರೂಗರ್‌ನಲ್ಲಿ ಸ್ವಂತ ಕಾರಿನಲ್ಲೂ ಓಡಾಡಬಹುದು. ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್, ಮಣ್ಣು ರಸ್ತೆಯಲ್ಲಿ 40 ಮೀರುವಂತಿಲ್ಲ. ಗುರುತು ಮಾಡಿದ ಜಾಗ ಬಿಟ್ಟು ಬೇರೆಲ್ಲೂ ಇಳಿಯುವಂತಿಲ್ಲ, ಕಿಟಕಿಯಿಂದ ಮೈ ಹೊರಗೆ ಹಾಕುವಂತಿಲ್ಲ. ಹಿಂಡು ರಸ್ತೆ ದಾಟುತ್ತಿದ್ದರೆ ದೂರದಲ್ಲೇ ನಿಂತು ಪೂರ್ತಿ ದಾಟಲು ಬಿಡಬೇಕು. ನಡುವೆ ಜಾಗ ಕಂಡಿತು ಅಂತ ಕಾರು ತೂರಿಸಿದರೆ ತಾಯಿ ಒಂದು ಕಡೆ, ಕರು ಇನ್ನೊಂದು ಕಡೆ ಆಗುತ್ತದೆ. ಟ್ರಾನ್ಸ್‌ಪೋರ್ಟ್ ಡ್ಯಾಮ್‌ನಲ್ಲಿ ಆ ಪರಿಸ್ಥಿತಿ ಏನು ಮಾಡಿಸಿತು ಅಂತ ನೋಡಿದೆವಲ್ಲ.

ಬಂದೂಕು ಹಿಡಿದ ಗೈಡ್‌ಗಳ ಜೊತೆ ಕಾಲ್ನಡಿಗೆಯಲ್ಲಿ ಹೋಗುವ ವ್ಯವಸ್ಥೆಯೂ ಅಲ್ಲಿದೆ. ಅಂಥ ನಡಿಗೆಯಲ್ಲಿ ಗೈಡ್ ಹೆಚ್ಚು ಹುಷಾರಾಗಿರುವುದು ನೂರಾರು ಎಮ್ಮೆಗಳ ಹಿಂಡಿನ ಬಗ್ಗೆ ಅಲ್ಲ. ಹಿಂಡು ದೂರದಿಂದಲೇ ಕಾಣುತ್ತದೆ, ಧೂಳೆಬ್ಬಿಸುತ್ತದೆ, ಮನುಷ್ಯರ ವಾಸನೆ ಬಡಿದರೆ ಸಾಮಾನ್ಯವಾಗಿ ಓಡುತ್ತದೆ. ಗಾಳಿ ಎತ್ತ ಬೀಸುತ್ತಿದೆ ಅಂತ ಗೈಡ್ ಪದೇ ಪದೇ ಮಣ್ಣು ತೂರಿ ನೋಡುವುದು ಅದಕ್ಕೇ. ಅವರಿಗೆ ದಿಗಿಲು ಹುಟ್ಟಿಸುವುದು ಹಿಂಡು ಬಿಟ್ಟ ಮುದಿ ಕೋಣಗಳು. ಅಲ್ಲಿಯವರು ಅವನ್ನು ಡಗ್ಗಾ ಬಾಯ್ಸ್ ಅನ್ನುತ್ತಾರೆ, ಸದಾ ಕೆಸರಲ್ಲಿ ಹೊರಳುವುದರಿಂದ ಬಂದ ಹೆಸರು. ಒಂಟಿಯಾಗಿ, ಇಲ್ಲವೇ ಎರಡು ಮೂರು ಸೇರಿಕೊಂಡು ಹೊಳೆ ಬದಿಯ ಪೊದೆಗಳಲ್ಲಿ ಮಲಗಿರುತ್ತವೆ. ಸಿಂಹ ಬಂದರೆ ಕೂಗಿಗೆ ಓಡಿ ಬರುವ ಹಿಂಡು ಅವಕ್ಕಿಲ್ಲ. ಅದಕ್ಕೇ ಅವು ಓಡುವ ಲೆಕ್ಕವನ್ನೇ ಬಿಟ್ಟು, ಹತ್ತಿರ ಬಂದವರ ಮೇಲೆ ಮೊದಲೇ ನುಗ್ಗುತ್ತವೆ. ಒತ್ತಾದ ಪೊದೆ, ಹೊಳೆಯ ಬದಿ, ತಾಜಾ ಸಗಣಿ, ಕೆಸರು ಮೆತ್ತಿದ ಮರದ ಬುಡ ಇಷ್ಟು ಒಟ್ಟಿಗೆ ಕಂಡರೆ ಗೈಡ್ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸುತ್ತಾರೆ, ಆಮೇಲೆ ಪೊದೆಯನ್ನು ದೂರದಿಂದ ಬಳಸಿಕೊಂಡು ಹೋಗುತ್ತಾರೆ.